ಹೆಡ್ ಕಾನ್‌ಸ್ಟೇಬಲ್ ಲೋಕಯ್ಯನ ಹೆಸರು

ಬಂಟ್ವಾಳಕ್ಕೂ ಬೆಳ್ತಂಗಡಿಗೂ ನಡುವೆ ಎಲ್ಲೋ ಒಂದು ಪೊಲೀಸ್ ಠಾಣೆ ಅಂತ ಇಟ್ಟುಕೊಳ್ಳಿ. ಠಾಣೆಯ ಹೆಸರು ಹೇಳುವುದಿಲ್ಲ. ಹೆಸರು ಹೇಳಿದ್ದರಿಂದ ಆದ ಪಜೀತಿಯೇ ಸಾಕಷ್ಟಿದೆ.

ಆ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಲೋಕಯ್ಯ. ವಯಸ್ಸು ಐವತ್ತಾರು, ಸರ್ವಿಸು ಮೂವತ್ತೊಂದು ವರ್ಷ, ಎರಡೂ ಮೊಣಕಾಲಿಗೆ ರಾತ್ರಿ ನೋವಿನೆಣ್ಣೆ. ಪದಕ ಬಂದದ್ದಿಲ್ಲ, ಸಸ್ಪೆಂಡ್ ಆದದ್ದೂ ಇಲ್ಲ. ಜಿಲ್ಲೆಯಲ್ಲಿ ಎಲ್ಲಿ ಕಲ್ಲು ಬಿದ್ದರೂ ಬಂದೋಬಸ್ತಿಗೆ ಹೋಗಿ ನಿಂತವನು. ಯಾವ ಧರ್ಮದವರ ಮೆರವಣಿಗೆ ಇರಲಿ, ಬಿಸಿಲಲ್ಲಿ ನಿಲ್ಲುವುದು ಲೋಕಯ್ಯನೇ. ಸಂಜೆ ಪಾಣೆಮಂಗಳೂರಿನ ಮನೆಗೆ ಬಂದರೆ ಬೂಟು ಬಿಚ್ಚುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಹೆಂಡತಿ ಕಾಂತಿ ಬೀಡಿ ಕಟ್ಟುತ್ತ ಕೂತಲ್ಲಿಂದಲೇ, "ಬೂಟಾದ್ರೂ ತೆಗೀರಿ, ನಿಮ್ಮನ್ನು ಠಾಣೆಗೆ ಹಾಗೇ ಎತ್ಕೊಂಡು ಹೋಗ್ಲಿಕ್ಕೆ ಯಾರೂ ಬರುದಿಲ್ಲ" ಅನ್ನುತ್ತಿದ್ದಳು.

ಅವನಿಗೆ ಇಷ್ಟವಾದ ಕೆಲಸ ಅಂದರೆ ಬೀಟು. ವಾರಕ್ಕೆರಡು ಸಲ ತನಗೆ ವಹಿಸಿದ ಊರುಗಳಲ್ಲಿ ಒಂದು ಸುತ್ತು. ಬೀಟ್ ಪೊಲೀಸನ ಫೋಟೊ, ಹೆಸರು, ಮೊಬೈಲ್ ನಂಬರ್ ಇರುವ ಸ್ಟಿಕ್ಕರನ್ನು ಅಂಗಡಿ, ಹೋಟೆಲು, ಶಾಲೆಯ ಗೇಟಿಗೆ ಅಂಟಿಸಬೇಕೆಂದು ಇಲಾಖೆಯ ಆದೇಶ ಬಂದಾಗ ಬೇರೆಯವರು ಹತ್ತು ಅಂಟಿಸಿ ಉಳಿದದ್ದನ್ನು ಕಪಾಟಿಗೆ ಹಾಕಿದರು. ಲೋಕಯ್ಯ ಇನ್ನೂರನ್ನೂ ಅಂಟಿಸಿ ಮುಗಿಸಿದ, ಗೋಂದು ಸಾಲದೆ ಮನೆಯಿಂದ ಮೈದಾ ಕಾಯಿಸಿ ಒಯ್ದ. ಆಮೇಲೆ ದನ ಕಳೆದುಹೋದರೂ ಅವನಿಗೇ ಫೋನು, ಗಂಡ ಕುಡಿದು ಬಂದರೂ ಅವನಿಗೇ ಫೋನು. "ಎಂತ ಮಾರಾಯ್ರೆ ಇದು!" ಎಂದು ಗೊಣಗುತ್ತಿದ್ದ. ಒಳಗೊಳಗೇ ಸಂತೋಷ ಪಡುತ್ತಿದ್ದ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳ ಒಂದು ಸೋಮವಾರ ಹೊರಗಿನಿಂದ ಒಂದು ವಿಶೇಷ ತಂಡ ಬಂತು. ಕಾಗದಪತ್ರ ಇಲ್ಲದೆ ಗಡಿ ದಾಟಿ ಬಂದ ವಿದೇಶಿಯರು ಕೂಲಿಗಳ ನಡುವೆ ಇದ್ದಾರೋ ಎಂದು ಹುಡುಕುವ ತಂಡ. ಹಿಂದೆ ಎಲ್ಲೋ ಇಂಥದೇ ತಪಾಸಣೆಗೆ ಹೋದ ಅಧಿಕಾರಿಗಳ ಫೋಟೊ, ಮನೆ ವಿಳಾಸ, ಮಕ್ಕಳ ಶಾಲೆಯ ಹೆಸರು ಎಲ್ಲ ಯಾರೋ ಮೊಬೈಲಿನಲ್ಲಿ ಹರಿಯಬಿಟ್ಟಿದ್ದರಂತೆ. ಹಾಗಾಗಿ ಈ ಸಲ ಎದೆಯ ಮೇಲಿನ ಹೆಸರಿನ ಪಟ್ಟಿ ತೆಗೆಯಬೇಕು, ಮುಖಕ್ಕೆ ಕಪ್ಪು ಬಟ್ಟೆ ಕಟ್ಟಬೇಕು ಎಂದು ಅವರಿಗೆ ಆದೇಶವಿತ್ತು. ಭಯ ಸುಳ್ಳಲ್ಲ, ಅವರಿಗೂ ಮಕ್ಕಳಿದ್ದಾರೆ. ದಾರಿ ತೋರಿಸಲು ಲೋಕಯ್ಯನನ್ನು ಕರೆದುಕೊಂಡರು. ಜೀಪು ಓಡಿಸಿದ್ದು ಠಾಣೆಯ ಡ್ರೈವರ್ ಜಯಪ್ರಕಾಶ್.

ಮಹಮ್ಮದ್ ಕುಂಞಿಯವರ ಸಿಮೆಂಟ್ ಬ್ಲಾಕಿನ ಘಟಕದ ಹಿಂದೆ ಕೂಲಿಗಳ ಸಾಲು ಕೋಣೆಗಳು. ಅಲ್ಲಿ ಏನಾಯಿತೆಂದು ಆಮೇಲೆ ಇಡೀ ರಾಜ್ಯ ನಲವತ್ತೆರಡು ಸೆಕೆಂಡಿನ ವಿಡಿಯೊದಲ್ಲಿ ನೋಡಿತು. ಮುಖ ಮುಚ್ಚಿದ ಮೂವರು. ಅವರಲ್ಲೊಬ್ಬ ಲಾಠಿಯಿಂದ ಹೊಡೆಯುತ್ತಿದ್ದಾನೆ. ಕೆಸರಲ್ಲಿ ಬಿದ್ದವನು ಮುರ್ಷಿದಾಬಾದಿನ ಹಬೀಬುಲ್ ಶೇಖ್, ನಾಲ್ಕು ವರ್ಷದಿಂದ ಇಲ್ಲೇ ಬ್ಲಾಕು ಹೊರುವವನು. ಗುರುತಿನ ಚೀಟಿ ತರಲೆಂದು ಕೋಣೆಗೆ ಓಡಿದ್ದ, ತಪ್ಪಿಸಿಕೊಳ್ಳುತ್ತಾನೆಂದು ಅವರು ತಿಳಿದರು. ತಲೆಗೆ ಅಡ್ಡ ಹಿಡಿದ ಬಲಗೈಯ ಮಣಿಕಟ್ಟು ಮುರಿಯಿತು. ಮಳೆಯ ಸದ್ದಿನ ನಡುವೆ ಅವನ ಕೂಗು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು: "ಲೋಕಯ್ಯ ಸರ್! ಲೋಕಯ್ಯ ಸರ್!"

ಮುಖ ಇಲ್ಲ, ಪಟ್ಟಿ ಇಲ್ಲ, ಇದ್ದದ್ದು ಅದೊಂದೇ ಹೆಸರು. ಹೊಡೆಸಿಕೊಳ್ಳುವವನು ಹೊಡೆಯುವವನ ಹೆಸರು ಹಿಡಿದಲ್ಲವೇ ಬೇಡಿಕೊಳ್ಳುವುದು? ಊರು ಹಾಗೇ ತಿಳಿಯಿತು. ಯಾರೋ ಹೋಟೆಲಿನ ಗೋಡೆಯ ಸ್ಟಿಕ್ಕರಿನ ಫೋಟೊ ತೆಗೆದು ವಿಡಿಯೊದ ಕೆಳಗೆ ಹಾಕಿದರು. ಮುಖವೂ ಸಿಕ್ಕಿತು, ನಂಬರೂ ಸಿಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು.

ಸಂಜೆಗೆ ಫೋನು ಶುರುವಾಯಿತು. ಬೈಗುಳ ಲೋಕಯ್ಯನಿಗೆ ಹೊಸದಲ್ಲ, ಪೊಲೀಸನಾದವನಿಗೆ ಅದು ಬೆಳಗಿನ ಚಹಾ. "ನಿನ್ನ ಕೈಯೂ ಮುರೀತೇವೆ" ಎಂದವನಿಗೆ, "ಆಯ್ತು" ಎಂದು ಫೋನ್ ಇಟ್ಟ. ತಡೆಯಲಿಕ್ಕಾಗದ್ದು ಇನ್ನೊಂದು ಬಗೆಯ ಫೋನು. "ಒಳ್ಳೆ ಕೆಲಸ ಮಾಡಿದ್ರಿ ಲೋಕಯ್ಯಣ್ಣ. ಹೊರಗಿನವರಿಗೆ ಹಾಗೇ ಆಗ್ಬೇಕು. ಒಂದು ಶಾಲು ಹಾಕಿ ಸನ್ಮಾನ ಮಾಡುವ ಅಂತ ಇದ್ದೇವೆ." ಲೋಕಯ್ಯ ಮಾತು ಮುಗಿಯುವ ಮೊದಲೇ ಫೋನ್ ಕಟ್ ಮಾಡಿದ.

ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೋದ ಕಾಂತಿ ಬಂದು ಒಲೆಯ ಮುಂದೆ ನಿಂತಳು. "ರುಕಿಯಾ ನನ್ನ ಹತ್ರ ಕೂತ್ಕೊಳ್ಲಿಲ್ಲ" ಎಂದಳು. ಇಪ್ಪತ್ತು ವರ್ಷದಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು.

ಮಗಳು ಮೋಕ್ಷಿತಾ ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುವವಳು. ಅವಳ ಫೋಟೊವನ್ನೂ ಯಾರೋ ಎಲ್ಲಿಂದಲೋ ಹೆಕ್ಕಿ, 'ಕೈ ಮುರಿಯುವವನ ಮಗಳು ಕೈ ಕಟ್ಟಲು ಕಲಿಯುತ್ತಿದ್ದಾಳೆ' ಎಂದು ಬರೆದು ಹಾಕಿದ್ದರು. ಅವಳು ಕ್ಲಾಸಿಗೆ ಹೋಗಲಿಲ್ಲ, ಅಪ್ಪನಿಗೆ ಫೋನು ಮಾಡಿದಳು.

"ಅಪ್ಪ, ಅದು ನೀವಾ?"

"ನಾನಲ್ಲ ಮಗಾ. ನಾನು ಜೀಪಲ್ಲೇ ಇದ್ದೆ."

"ಮತ್ತೆ ಯಾರು?"

"ಅವನ ಹೆಸರು ನನಗೂ ಗೊತ್ತಿಲ್ಲ."

ಇದು ಸತ್ಯವೇ. ಮುಖ ಮುಚ್ಚಿ ಬಂದವರು ಮುಖ ಮುಚ್ಚಿಯೇ ಹೋಗಿದ್ದರು. ಆ ನಾಲ್ಕು ದಿನ ಲೋಕಯ್ಯ ಜೀಪಿನ ಮಾತನ್ನು ಎಷ್ಟು ಜನಕ್ಕೆ ಹೇಳಿದನೋ ಲೆಕ್ಕವಿಲ್ಲ. ಇನ್‌ಸ್ಪೆಕ್ಟರಿಗೆ ಹೇಳಿದ, ಕಾಂತಿಗೆ ಹೇಳಿದ, ಹಾಲು ತರುವವನಿಗೂ ಹೇಳಿದ. ಯಾರೂ ನಂಬಲಿಲ್ಲ. ಜಯಪ್ರಕಾಶ್ ಮಾತ್ರ, "ಮುಖ ಮುಚ್ಚಿದವನ ಮಾನ ಉಳೀತು ನೋಡಿ" ಎಂದು ನಕ್ಕ, ಆಮೇಲೆ ಲೋಕಯ್ಯನ ಮುಖ ನೋಡದೆ ಟಯರಿನ ಗಾಳಿ ನೋಡಲು ಹೋದ.

ಶುಕ್ರವಾರ ವಿಚಾರಣೆ. ಬೇರೆ ಜಿಲ್ಲೆಯಿಂದ ಬಂದ ಅಧಿಕಾರಿಯೊಬ್ಬರು ಪ್ರವಾಸಿ ಬಂಗಲೆಯ ಕೋಣೆಯಲ್ಲಿ ಕೂತಿದ್ದರು. ಅಷ್ಟರಲ್ಲಿ ಹಬೀಬುಲನ ಕಾಗದಪತ್ರ ಎಲ್ಲವೂ ಸರಿ ಇದೆಯೆಂದು ವರದಿ ಬಂದಾಗಿತ್ತು. ಅವನು ಕೈಗೆ ಪ್ಲಾಸ್ಟರ್ ಹಾಕಿಕೊಂಡು ಮಹಮ್ಮದ್ ಕುಂಞಿಯವರ ಜತೆ ಬಂದ. ಲೋಕಯ್ಯನನ್ನು ಅವನೆದುರು ನಿಲ್ಲಿಸಿದರು.

ಲೋಕಯ್ಯ ಹಬೀಬುಲನ ಬಾಯನ್ನೇ ನೋಡುತ್ತಿದ್ದ. ಇವನೊಬ್ಬ ಹೇಳಿದರೆ ಮುಗಿಯಿತು. ಹೆಸರು ಉಳಿಯುತ್ತದೆ, ಮಗಳು ಕ್ಲಾಸಿಗೆ ಹೋಗುತ್ತಾಳೆ.

"ಹೊಡೆದಿದ್ದು ಇವ್ರೇನಾ?" ಅಧಿಕಾರಿ ಕೇಳಿದರು.

ಹಬೀಬುಲ್ ತಲೆ ಅಲ್ಲಾಡಿಸಿದ. "ಮೇರ್ ಅತ್ತ್" ಎಂದ. ಬ್ಲಾಕು ಹೊರುತ್ತ ಕಲಿತ ತುಳು.

"ಇವರಲ್ಲ ಅಂತ ಹೇಳ್ತಾನೆ ಸರ್," ಎಂದರು ಮಹಮ್ಮದ್ ಕುಂಞಿ. "ಇವರು ಜೀಪಲ್ಲಿ ಕೂತಿದ್ರಂತೆ."

ಲೋಕಯ್ಯನಿಗೆ ಕಣ್ಣು ತುಂಬಿ ಬಂತು. ನಾಲ್ಕು ದಿನದಲ್ಲಿ ಅವನ ಮಾತನ್ನು ನಿಜವೆಂದು ಹೇಳಿದ ಮೊದಲ ಮನುಷ್ಯ ಇವನೇ, ಅದೂ ಪೆಟ್ಟು ತಿಂದವನೇ.

"ಹಾಗಿದ್ಮೇಲೆ ಇವರ ಹೆಸರನ್ನ ಯಾಕೆ ಕೂಗ್ದ?"

ಹಬೀಬುಲ್ ಅರ್ಧ ಹಿಂದಿ ಅರ್ಧ ತುಳುವಿನಲ್ಲಿ ಉದ್ದಕ್ಕೆ ಏನೋ ಹೇಳಿದ. ಮಹಮ್ಮದ್ ಕುಂಞಿಯವರು ಕೂಡಲೇ ಕನ್ನಡಕ್ಕೆ ತರಲಿಲ್ಲ. ಒಮ್ಮೆ ಲೋಕಯ್ಯನ ಕಡೆ ನೋಡಿ, ಟೋಪಿ ಸರಿಮಾಡಿಕೊಂಡು, ನೆಲ ನೋಡುತ್ತ ಹೇಳಿದರು.

"ಹೋದ ತಿಂಗಳು ಬೀಟಿಗೆ ಬಂದಾಗ ಇವರೇ ಅವನ ಕಾರ್ಡು ಎಲ್ಲ ನೋಡಿ ಪುಸ್ತಕದಲ್ಲಿ ಬರ್ಕೊಂಡು ಹೋಗಿದ್ರಂತೆ ಸರ್. 'ಎಲ್ಲ ಸರಿ ಉಂಟು, ಯಾರಾದ್ರೂ ಬಂದು ಕೇಳಿದ್ರೆ ನನ್ನ ಹೆಸರು ಹೇಳು' ಅಂದಿದ್ರಂತೆ. ಜೀಪಲ್ಲಿ ಇವರನ್ನು ನೋಡಿ ಧೈರ್ಯ ಬಂತಂತೆ. ಅದಕ್ಕೆ ಹೇಳಿದ್ದಂತೆ."

ಲೋಕಯ್ಯ ಆ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದನೋ! ಬೇರೆಯವರು 'ಬನ್ನಿ ಚಾ ಕುಡಿಯುವ' ಅಂದಷ್ಟು ಸುಲಭವಾಗಿ ಅವನು 'ನನ್ನ ಹೆಸರು ಹೇಳು' ಅನ್ನುತ್ತಿದ್ದ. ಹೇಳುವಾಗ ಎದೆ ಒಂದಂಗುಲ ಉಬ್ಬುತ್ತಿದ್ದದ್ದೂ ನಿಜ. ಸೋಮವಾರ ಜೀಪಿನೊಳಗೆ ಮೊದಲ ಕೂಗು ಕಿವಿಗೆ ಬಿದ್ದಾಗ ಯಾರ ದನಿಯೆಂದು ಗುರುತು ಸಿಕ್ಕಿತ್ತು. ಇಳಿದು 'ಇವನು ನನಗೆ ಗೊತ್ತು ಸರ್, ಕಾಗದ ನಾನೇ ನೋಡಿದ್ದೇನೆ' ಎಂದಿದ್ದರೆ ಸಾಕಿತ್ತು. ತಂಡದ ಯಜಮಾನ ದೊಡ್ಡ ಅಧಿಕಾರಿ. ಹೆಡ್ ಕಾನ್‌ಸ್ಟೇಬಲ್ ಬಾಯಿ ಹಾಕಿದರೆ ಏನೆಂದಾನು? ಮೊಣಕಾಲು ಬೇರೆ ನೋಯುತ್ತಿತ್ತು. ಅವರ ಕೆಲಸ ಮುಗಿಯಲಿ, ಆಮೇಲೆ ಮೆಲ್ಲ ಹೇಳುವ ಅಂದುಕೊಂಡ. ಮಳೆ ಒಳಗೆ ಬರುತ್ತದೆಂದು ತನಗೇ ಹೇಳಿಕೊಂಡು ಕಿಟಕಿಯ ಗಾಜು ಏರಿಸಿದ. ಪಕ್ಕದಲ್ಲಿ ಜಯಪ್ರಕಾಶ್ ಅದನ್ನು ನೋಡಿದ್ದ.

"ಒಳ್ಳೇದಾಯ್ತು. ನಿಮ್ದು ಕ್ಲಿಯರ್," ಎಂದರು ಅಧಿಕಾರಿ. ಅವರೂ ಸುಸ್ತಾಗಿದ್ದರು, ಹಬೀಬುಲನನ್ನೂ ಮಹಮ್ಮದ್ ಕುಂಞಿಯವರನ್ನೂ ಹೊರಗೆ ಕಳಿಸಿ ಕಾಗದ ಮುಂದಕ್ಕೆ ತಳ್ಳಿದರು. "ಸೈನ್ ಮಾಡಿ."

"ಸರ್, ಅದನ್ನೂ ಬರ್ಕೊಳ್ಳಿ."

"ಯಾವುದನ್ನ?"

"ಅವನು ನನ್ನನ್ನು ಕರೆದದ್ದು. ನಾನು ಗ್ಲಾಸು ಏರಿಸಿದ್ದು."

ಅಧಿಕಾರಿ ಕನ್ನಡಕ ತೆಗೆದು ಅವನನ್ನು ನೋಡಿದರು. "ಹೊಡೆದಿದ್ದು ನೀವಾ ಅಲ್ವಾ, ನನಗೆ ಕೇಳಿರೋದು ಅಷ್ಟೇ. ಇಲ್ಲದ ತಲೆನೋವು ಯಾಕೆ ತಂದ್ಕೋತೀರಿ?"

"ಹೊಡೆದವರು ಯಾರು ಅಂತ ಬರೀತೀರಾ ಸರ್?"

"ತಂಡದವರ ಹೆಸರು ಗೋಪ್ಯ. ಅದು ಮೇಲಿನವರು ನೋಡ್ಕೋತಾರೆ."

ಲೋಕಯ್ಯ ಸಹಿ ಮಾಡಿದ. ಹೊರಗೆ ಜಗಲಿಯಲ್ಲಿ ಹಬೀಬುಲ್ ಬೆಂಚಿನಿಂದೆದ್ದು ಎಡಗೈ ಎತ್ತಿ, "ನಮಸ್ಕಾರ ಸರ್" ಎಂದ. ಬೀಟಿಗೆ ಹೋದಾಗ ಹೇಳುತ್ತಿದ್ದ ಹಾಗೇ. ಸಿಟ್ಟಾದರೂ ಮಾಡಬಾರದಿತ್ತೇ ಇವನು! ಲೋಕಯ್ಯನಿಗೆ ಏನೇನೋ ಹೇಳಬೇಕೆನಿಸಿತು.

"ಕೈ ಹೇಗುಂಟು?" ಎಂದ.

"ಉಂಟು ಸರ್," ಎಂದ ಹಬೀಬುಲ್. ಮಹಮ್ಮದ್ ಕುಂಞಿ ಅವನನ್ನು ಸ್ಕೂಟರಿನ ಹಿಂದೆ ಹತ್ತಿಸಿಕೊಂಡು ಹೋದರು.

ಬಸ್‌ಸ್ಟಾಂಡು ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಬೈದವರಲ್ಲಿ ಇಬ್ಬರು ಕ್ಷಮೆ ಕೇಳಿ ಮೆಸೇಜು ಹಾಕಿದ್ದರು. ಶಾಲು ಹಾಕುತ್ತೇವೆ ಎಂದವರ ಸುದ್ದಿಯೇ ಇಲ್ಲ. ಕಾಂತಿ ಫೋನಿನಲ್ಲಿ ಅತ್ತಳು. ಅದಾದ ಮೇಲೆ ಮೋಕ್ಷಿತಾ.

"ಅಪ್ಪ, ಗ್ರೂಪಲ್ಲೆಲ್ಲ ಬಂತು, ನೀವಲ್ಲ ಅಂತ! ನಾನು ನಾಳೆ ಕ್ಲಾಸಿಗೆ ಹೋಗ್ತೇನೆ. ಎಲ್ಲರಿಗೂ ಮುಖ ಎತ್ತಿ ಹೇಳ್ತೇನೆ."

"ಹೋಗು ಮಗಾ."

"ಒಂದೇ ಒಂದು ಕೇಳ್ತಾರೆ ಅಪ್ಪ. ಹೊಡೆದದ್ದು ನೀವಲ್ಲದಿದ್ರೆ ಅವ ನಿಮ್ಮ ಹೆಸರು ಯಾಕೆ ಕೂಗಿದ್ದು? ನಾನು ಎಂತ ಹೇಳ್ಲಿ?"

ಪೆಟ್ಟು ಬಿದ್ದವನು ಬಾಯಿಗೆ ಬಂದ ಹೆಸರು ಕೂಗುತ್ತಾನೆ, ಅಂದುಬಿಡಬಹುದಿತ್ತು. ಹುಡುಗಿ ನಂಬುತ್ತಿದ್ದಳು. ಊರೂ ನಂಬುತ್ತಿತ್ತು. ಬೆಳ್ತಂಗಡಿಯ ಬಸ್ಸು ಬಂದು ನಿಂತು, ಜನ ಇಳಿದು, ಹತ್ತಿ, ಹೊರಟೂ ಹೋಯಿತು. ಲೋಕಯ್ಯ ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

"ಅಪ್ಪ? ಕೇಳ್ತಾ ಉಂಟಾ?"

"ಕಷ್ಟ ಬಂದ್ರೆ ನನ್ನ ಹೆಸರು ಹೇಳು ಅಂತ ನಾನೇ ಅವನಿಗೆ ಹೇಳಿದ್ದೆ," ಎಂದ. "ಅವ ನನ್ನನ್ನೇ ಕರೆದದ್ದು. ನನಗೆ ಕೇಳಿಸಿತ್ತು ಮಗಾ."