ಖಾಲಿ ಡ್ರಮ್ಮಿನ ಒಂದು ಏಟು

ಇಂಥ ಕತೆಗಳನ್ನು ಕೇಳಿ ನಗುವವರಲ್ಲಿ ನಾನೇ ಮೊದಲಿಗಳು. ಬಂದರದ ಮೇಲಿನ ಗುಡ್ಡದಲ್ಲಿರುವ ಸಡಾದ ನಮ್ಮ ಓಣಿಯಲ್ಲಿ ನೀರಿಗೆ ಪಾಳಿ ಹಚ್ಚಿ ನಿಂತಾಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ತಿರುವಿನಲ್ಲಿ ಬಿಳಿ ಸೀರೆಯವಳು ನಿಂತಿದ್ದಳಂತೆ, ಬಂದರದ ಕಡೆಯಿಂದ ಯಾರೋ ಹೆಸರು ಹಿಡಿದು ಕರೆದರಂತೆ. ಪಾಪ, ಅವಳಿಗೆ ಇನ್ನೊಂದು ಸೀರೆ ಇಲ್ಲವೇನು ಎಂದು ಕೇಳಿ ನಾನು ಕತೆಯ ರುಚಿ ಕೆಡಿಸುತ್ತಿದ್ದೆ. ರಸ್ತೆಯ ಮೇಲೆ ನಿವಾಳಿಸಿ ಎಸೆದ ನಿಂಬೆಹಣ್ಣು ಕಂಡರೆ ನಮ್ಮ ರಸ್ತೆ ಕೆಲಸದ ಗ್ಯಾಂಗಿನವರು ಸುತ್ತು ಹಾಕಿ ಹೋಗುತ್ತಿದ್ದರು. ನಾನು ಸಲಿಕೆಯಿಂದ ಬದಿಗೆ ನೂಕಿ ಕೆಲಸ ಶುರು ಮಾಡುತ್ತಿದ್ದೆ. ಈಗಲೂ ನೂಕುತ್ತೇನೆ. ಆದರೆ ನಗುವಾಗ ಮೊದಲಿನಷ್ಟು ಜೋರಾಗಿ ನಗುವುದಿಲ್ಲ.

ನನಗೆ ಆದ ಅನುಭವದಲ್ಲಿ ಅಮಾವಾಸ್ಯೆಯೂ ಇಲ್ಲ, ಹುಣಸೇಮರವೂ ಇಲ್ಲ. ಉಂಡು ಎದ್ದ ಹೊತ್ತು, ಸುಡುವ ಬಿಸಿಲು. ಎರಡು ಸಾವಿರದ ಆರೋ ಏಳೋ ಇಸವಿ, ಮಳೆ ಮುಗಿದು ರಸ್ತೆ ರಿಪೇರಿಯ ಕಾಲ.

ನಾವು ಬಾಗಲಕೋಟೆ ಕಡೆಯವರು, ದುಡಿಯಲು ಈ ಕೊಂಕಣಿ ನಾಡಿಗೆ ಬಂದವರು. ಅಪ್ಪ ಬಂದರದಲ್ಲಿ ಹಮಾಲಿ, ಅವ್ವ ರಸ್ತೆ ಗ್ಯಾಂಗಿನಲ್ಲಿ ಖಡಿ ಕಲ್ಲಿನ ಬುಟ್ಟಿ ಹೊತ್ತವಳು. ಇಲ್ಲಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತನಕ ಓದಿ ನಾನೂ ಅದೇ ಗ್ಯಾಂಗಿಗೆ ಹೋದೆ. ಆದರೆ ಬುಟ್ಟಿ ಹೊರುವುದಷ್ಟೇ ನನಗೆ ಬೇಕಿರಲಿಲ್ಲ, ಮಿಸ್ತ್ರಿಯ ಕೆಲಸ ಕಲಿಯಬೇಕಿತ್ತು. ಹೆಂಗಸು ಮಿಸ್ತ್ರಿಯಾದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಕಲಿಸುತ್ತೇನೆ ಎಂದವರು ನಮ್ಮ ಗ್ಯಾಂಗಿನ ಮಿಸ್ತ್ರಿ ಹುಸೇನಕಾಕಾ ಒಬ್ಬರೇ. ಅವರು ವಿಜಾಪುರ ಕಡೆಯವರು, ಮಾತು ಕಡಿಮೆ, ಬೈಗುಳ ಇನ್ನೂ ಕಡಿಮೆ. ಗುಂಡಿಯ ಅಂಚನ್ನು ನೆಟ್ಟಗೆ ಕಡಿಯುವುದು, ಒಳಗಿನ ಧೂಳನ್ನು ಕಸಬರಿಗೆಯಿಂದ ಪೂರ್ತಿ ಬಳಿಯುವುದು, ಡಾಂಬರಿನ ಹೊಗೆಯ ಬಣ್ಣ ನೋಡಿ ಅದು ಕಾದಿದೆಯೋ ಕರಕಾಗಿದೆಯೋ ಹೇಳುವುದು, ಎಲ್ಲವನ್ನೂ ಅವರ ಬೆನ್ನ ಹಿಂದೆ ನಿಂತೇ ಕಲಿತೆ. ಅಂಗೈಯಲ್ಲಿ ಬೊಬ್ಬೆ ಎದ್ದವು, ಒಡೆದವು, ಗಟ್ಟಿಯಾದವು. ಆ ಕೈಗಳನ್ನು ಅವ್ವ ನೆಂಟರಿಂದ ಮುಚ್ಚಿಡು ಎನ್ನುತ್ತಿದ್ದಳು, ನಾನು ಬೇಕೆಂದೇ ಚಾಚಿ ಚಹಾ ಕೊಡುತ್ತಿದ್ದೆ.

ನಮ್ಮ ಗ್ಯಾಂಗಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ರೋಲರಿನ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಅದಕ್ಕೇ ಡಾಂಬರು ಖಾಲಿಯಾದ ಒಂದು ಡ್ರಮ್ಮನ್ನು ರಸ್ತೆಯ ಬದಿಗೆ ನಿಲ್ಲಿಸಿ, ಸಲಿಕೆಯ ಬೆನ್ನಿನಿಂದ ಬಡಿದು ಡ್ರೈವರನಿಗೆ ಹೇಳುತ್ತಿದ್ದೆವು. ಎರಡು ಏಟು ಎಂದರೆ ಮುಂದೆ, ಮೂರು ಎಂದರೆ ಹಿಂದೆ, ಒಂದೇ ಏಟು ಎಂದರೆ ನಿಲ್ಲು. ಬಡಿಯುವ ಹಕ್ಕು ಮಿಸ್ತ್ರಿಗೆ ಮಾತ್ರ. ಹುಸೇನಕಾಕಾ ಹೊಸಬರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದರು.

"ಒಂದು ಏಟು ಕೇಳಿದ್ರ ನಿಂತ್ಬಿಡ್ರಿ. ಯಾರು ಹೊಡದ್ರು, ಯಾಕ ಹೊಡದ್ರು ಅಂತ ಆಮ್ಯಾಲೆ ಕೇಳಾಕ ಬರತೈತಿ. ಮೊದಲ ಕೇಳ್ಕೋತ ನಿಂತ್ರ, ಆಮ್ಯಾಲೆ ಕೇಳಾಕ ಯಾರೂ ಉಳಿಯಂಗಿಲ್ಲ."

ಇನ್ನೊಂದು ಪದ್ಧತಿ, ಖಾಲಿ ಡ್ರಮ್ಮುಗಳು ಬಹಳ ದಿನ ಖಾಲಿ ಉಳಿಯುತ್ತಿರಲಿಲ್ಲ. ಅವನ್ನು ಸೀಳಿ, ಬಡಿದು ಚಪ್ಪಟೆ ಮಾಡಿ ಗುಡಿಸಲಿನ ಗೋಡೆ ಮಾಡಿಕೊಳ್ಳುವುದು ನಮ್ಮವರ ರೂಢಿ. ನಮ್ಮ ಮನೆಯ ಹಿಂಗೋಡೆಯೂ ಅದೇ. ಹಾಗಾಗಿ ಆ ಅನುಭವವಾದ ದಿನದ ಮುಂಚಿನ ಸಂಜೆ ನಮ್ಮ ಗ್ಯಾಂಗಿನ ರೇಣವ್ವ, ಹೊಳೆಯಾಚೆಯ ಚಿಂಬಲ್‌ನಲ್ಲಿ ಹೊಸದಾಗಿ ಸಂಸಾರ ಹೂಡಿದವಳು, ಕಾಕಾನ ಅಪ್ಪಣೆ ಕೇಳಿ ನಮ್ಮಲ್ಲಿದ್ದ ಒಂದೇ ಒಂದು ಖಾಲಿ ಡ್ರಮ್ಮನ್ನು ಟೆಂಪೊದಲ್ಲಿ ಹಾಕಿಕೊಂಡು ಹೋದಳು. ಮರುದಿನ ಇನ್ನೊಂದು ಖಾಲಿಯಾದೀತು ಎಂದು ಕಾಕಾ ಹೂಂ ಅಂದಿದ್ದರು.

ಮರುದಿನವೇ ನನ್ನ ಪರೀಕ್ಷೆ. ಸಡಾದ ಇಳಿಜಾರಿನಲ್ಲಿ ಒಂದು ತುಂಡು ರಸ್ತೆಯನ್ನು ಪೂರ್ತಿ ನಾನೇ ನಿಂತು ಮಾಡಿಸಬೇಕು, ಚೆನ್ನಾಗಿ ಬಂದರೆ ಮಿಸ್ತ್ರಿ ಎಂದು ಲೆಕ್ಕ, ಕೆಟ್ಟರೆ ಮತ್ತೆ ಬುಟ್ಟಿ ಎಂದು ಗುತ್ತಿಗೆದಾರರು ಕಾಕಾನ ಒತ್ತಾಯಕ್ಕೆ ಒಪ್ಪಿದ್ದರು. ರಸ್ತೆಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಇಳುಕಲು. ಇಳುಕಲಿನ ಕೆಳಗೆ ನಮ್ಮವರದೇ ಮನೆಗಳು, ಅಂಗಳದಲ್ಲಿ ಹಪ್ಪಳ ಒಣಗಿಸಿದ್ದು ಮೇಲಿನಿಂದ ಕಾಣುತ್ತಿತ್ತು. ಬೆಳಿಗ್ಗೆ ಟೆಂಪೊ ಇಳಿದಾಗ ಬಡಿಯಲು ಡ್ರಮ್ಮಿಲ್ಲ. ತಂದಿದ್ದ ಎರಡರಲ್ಲಿ ಒಂದು ತುಂಬಿದ್ದು, ಇನ್ನೊಂದು ಬಾಯಿ ತೆರೆದಿದ್ದರೂ ಅರ್ಧಕ್ಕಿಂತ ಹೆಚ್ಚು ಡಾಂಬರು ಇದ್ದದ್ದು. ಅವತ್ತಿನ ಮಟ್ಟಿಗೆ ಕೆಂಪು ಬಟ್ಟೆ ಬೀಸಿ ಸಾಗಿಸು ಎಂದು ಹೇಳಿ ಕಾಕಾ ದೂರ ಸರಿದರು. ನಾನು ಬೇರೆಯವರ ಮುಂದೆ ಅವರ ಕಡೆ ನೋಡಿಕೊಂಡು ಕೆಲಸ ಮಾಡಬಾರದು ಎಂಬುದು ಅವರ ವಿಚಾರ.

ಊಟದ ತನಕ ಎಲ್ಲ ಸುಸೂತ್ರ. ಡಾಂಬರು, ಖಡಿ ಕಲಸಿದ ಮಾಲು ಹರಡಿದ್ದಾಯಿತು, ರಸ್ತೆಯ ಮೈ ಸಮವಾಗಿ ಬಂದಿತ್ತು, ನನಗೇ ನನ್ನ ಮೇಲೆ ಅಕ್ಕರೆ ಬಂದಿತ್ತು. ಊಟ ಮುಗಿಸಿ ಗ್ಯಾಂಗು ಇನ್ನೂ ನೆರಳಿನಲ್ಲಿ ಕುಳಿತಿತ್ತು. ಕಾಕಾ ಕೆಳಗಿನ ನಲ್ಲಿಗೆ ಕೈ ತೊಳೆಯಲು ಹೋಗಿದ್ದರು. ಮಾಲು ಆರುವುದರೊಳಗೆ ರೋಲರು ಹಾಯಬೇಕು, ಅದೂ ಅಂಚಿನಿಂದ ಶುರುವಾಗಿ ನಡುವಿಗೆ ಬರಬೇಕು. ನಾನು ರೋಲರಿನ ಶಾಂತಾರಾಮನಿಗೆ ಹಾಗೆಯೇ ಹೇಳಿದೆ. ಆತ ಇಲ್ಲಿಯವನೇ, ಕೊಂಕಣಿ ಕನ್ನಡ ಕಲಸಿ ಮಾತಾಡುವ ಒಳ್ಳೆಯ ಮನುಷ್ಯ. ಆತ ಕತ್ತು ತಿರುಗಿಸಿಕೊಂಡು ಇಳುಕಲಿನ ಅಂಚಿಗೆ ರೋಲರನ್ನು ಹಿಂದೆ ಬಿಡತೊಡಗಿದ. ನಾನು ಗುಡ್ಡದ ಬದಿಗೆ ಬೆನ್ನು ಬಗ್ಗಿಸಿ, ಎರಡೂ ಕೈಯಲ್ಲಿ ಬಿಸಿ ಡಾಂಬರಿನ ಝಾರಿ ಹಿಡಿದು ಮುಂದಿನ ತುಂಡಿಗೆ ಸುರಿಯುತ್ತಿದ್ದೆ.

ಆಗ ಕೇಳಿತು. ಠಣ್ ಎಂದು ಒಂದೇ ಏಟು. ಗಟ್ಟಿಯಾಗಿ, ಸ್ಪಷ್ಟವಾಗಿ, ಎಲುಬಿಗೆ ತಾಗುವಂತೆ.

ರೋಲರು ನಿಂತಿತು. ಶಾಂತಾರಾಮ ಎಂಜಿನ್ ಬಂದ್ ಮಾಡಿ ಕೆಳಗಿಳಿದು ನನ್ನ ಕಡೆ ಬಂದ.

"ಕಿತೆಂ ಜಾಲೆಂ ಗೋ? ಏನಾತು, ಯಾಕ ನಿಲ್ಲಿಸಿದಿ?"

ನಾನು ಝಾರಿ ಹಿಡಿದೇ ನೆಟ್ಟಗಾಗುವಷ್ಟರಲ್ಲಿ ಅವನ ಬೆನ್ನ ಹಿಂದೆ ಅಂಚು ಕುಸಿಯಿತು. ಸದ್ದೇನೂ ಹೆಚ್ಚಿರಲಿಲ್ಲ. ರೋಲರಿನ ಹಿಂದಿನ ಚಕ್ರಕ್ಕೆ ಒಂದು ಮೊಳ ದೂರದಲ್ಲಿ ರಸ್ತೆ ಸೀಳಿ, ನಾನು ಹಾಕಿದ ಹೊಸ ಮಾಲಿನ ಸಮೇತ ಮಣ್ಣು ಕೆಳಗೆ ಜಾರಿ ಹೋಯಿತು. ಮಣ್ಣು ಇಳುಕಲಿನ ಗಿಡಗಂಟಿಯಲ್ಲಿ ಸಿಕ್ಕಿ ನಿಂತಿತು. ರೋಲರು ಹೋಗಿದ್ದರೆ ಗಿಡಗಂಟಿಗೆ ನಿಲ್ಲುತ್ತಿರಲಿಲ್ಲ. ಒಳಗೆ ಹಳೆಯ ಪೈಪೊಂದು ಒಡೆದು ಮಳೆಗಾಲವಿಡೀ ಮಣ್ಣು ಕೊರೆದಿತ್ತು, ಮೇಲೆ ಮಾತ್ರ ರಸ್ತೆ ಏನೂ ಅರಿಯದಂತೆ ಮಲಗಿತ್ತು. ಬೆಳಿಗ್ಗೆ ಅದರ ಮೇಲೆ ನಾವೆಲ್ಲ ಓಡಾಡಿದ್ದೆವು.

ಕಾಕಾ ಓಡಿ ಬಂದರು. ಉಸಿರು ಸಿಗುತ್ತಿರಲಿಲ್ಲ, ಆದರೂ ನನ್ನ ತಲೆಯ ಮೇಲೆ ಕೈ ಇಟ್ಟರು.

"ಬರೋಬ್ಬರಿ ಹೊತ್ತಿಗೆ ಹೊಡದಿ, ಯವ್ವಾ. ನಾ ಇದ್ದಿದ್ರೂ ಇಷ್ಟು ಲಗೂನ ಹೊಡೀತಿದ್ದಿಲ್ಲ."

"ನಾ ಹೊಡದಿಲ್ರಿ ಕಾಕಾ. ನನ್ನ ಕೈಯಾಗ ಝಾರಿ ಐತಲ್ರಿ."

ಅವರು ಝಾರಿ ನೋಡಿದರು. ನೆರಳಿನಲ್ಲಿ ಎದ್ದು ನಿಂತಿದ್ದ ಗ್ಯಾಂಗನ್ನು ನೋಡಿದರು. ಏಟು ಎಲ್ಲರಿಗೂ ಕೇಳಿತ್ತು, ಹೊಡೆದವರು ಯಾರೂ ಇರಲಿಲ್ಲ. ಕಾಕಾ ನನ್ನ ಸಲಿಕೆ ತೆಗೆದುಕೊಂಡು ಬಾಯಿ ತೆರೆದ ಡ್ರಮ್ಮಿಗೆ ಬಡಿದರು, ದಬ್ ಎಂದಿತು. ತುಂಬಿದ್ದಕ್ಕೆ ಬಡಿದರು, ಕಲ್ಲಿಗೆ ಬಡಿದಂತಾಯಿತು. ನಾವು ಕೇಳಿದ್ದು ಖಾಲಿ ಡ್ರಮ್ಮಿನ ಸದ್ದು, ಅದರಲ್ಲಿ ಸಂಶಯವಿರಲಿಲ್ಲ. ಕಾಕಾ ಸಲಿಕೆ ನನ್ನ ಕೈಗೆ ಮರಳಿಸಿ, ಮೊದಲು ಕೆಳಗಿನ ಮನೆಯವರನ್ನು ಹೊರಗೆ ಕರೆಸು ಎಂದಷ್ಟೇ ಅಂದರು.

ಸಂಜೆ ಗುತ್ತಿಗೆದಾರರು ಬಂದರು. ನಾನು ಹೊಡೆಯಲಿಲ್ಲ ಎಂದು ಅವರಿಗೂ ಹೇಳಿದೆ. ಅವರು ನಕ್ಕು, ಹುಡುಗಿಗೆ ನಾಚಿಕೆ ಅಂದರು. ಕುಸಿದ ಅಂಚನ್ನು ಸರಿಮಾಡುವ ಕೆಲಸವನ್ನು ನನಗೇ ಕೊಟ್ಟರು. ಅಗೆಸಿದೆ, ಹೊಸ ಪೈಪು ಹಾಕಿಸಿದೆ, ಕೆಳಗಿನಿಂದ ಕಲ್ಲು ಕಟ್ಟಿಸಿಕೊಂಡು ಬಂದು ಒಂದೊಂದು ಪದರಕ್ಕೂ ನಾನೇ ನಿಂತು ಮಣ್ಣು ಗಟ್ಟಿಯಾಗುವಂತೆ ದಿಮ್ಮಸು ಹೊಡೆಸಿದೆ. ಕೊನೆಯ ದಿನ ಕಾಕಾ ಆ ಅಂಚಿನ ತುದಿಯಲ್ಲಿ ಬೀಡಿ ಹಚ್ಚಿಕೊಂಡು ನಿಂತರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿಲ್ಲ. ಬಸ್ಸು, ಟ್ಯಾಂಕರು ಇಂದಿಗೂ ಅದರ ಮೇಲೆಯೇ ಹಾಯುತ್ತವೆ. ಹಾಯುವಾಗ ನಾನು ನಿಂತು ನೋಡುತ್ತೇನೆ, ಜಂಬ ಅಂದುಕೊಂಡರೂ ಸರಿ.

ಕತೆ ಇಲ್ಲಿಗೇ ಮುಗಿದಿದ್ದರೆ ಎಲ್ಲೋ ಯಾವುದೋ ತಗಡು ಬಡಿದಿರಬೇಕು ಎಂದು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಅಂಚು ಕುಸಿದ ಮರುದಿನ ಬೆಳಿಗ್ಗೆ ರೇಣವ್ವ ಸಪ್ಪೆ ಮುಖ ಹಾಕಿಕೊಂಡು ಟೆಂಪೊ ಇಳಿದಳು. ಗೋಡೆಯ ಕೆಲಸ ಆಯಿತೇನು ಎಂದು ಯಾರೋ ಕೇಳಿದರು.

"ಎಲ್ಲಿ ಗ್ವಾಡಿ ಬಿಡ್ರಿ. ನಮ್ಮವ್ರಿಗೆ ನಿನ್ನೆ ಕೆಲಸ ಇದ್ದಿಲ್ಲ, ಉಂಡು ಎದ್ದು ಡ್ರಮ್ ಬಡ್ಯಾಕ ಕುಂತಾರ. ಒಂದ ಏಟು ಹಾಕಿದ್ದ ತಡ, ಸುತ್ತಿಗಿ ಕಾವು ಮುರದ ಹೋಗೇತಿ. ಇನ್ನೊಂದು ಏಟು ಬಿದ್ದಿಲ್ಲ ಅದಕ್ಕ."

ಚಿಂಬಲ್ ಎಲ್ಲಿ, ಸಡಾ ಎಲ್ಲಿ. ನಡುವೆ ಜುವಾರಿ ಹೊಳೆ ಇದೆ, ಗುಡ್ಡಗಳಿವೆ. ಒಂದೇ ಗಳಿಗೆ ಎಂದು ನಾನು ಆಣೆ ಮಾಡಿ ಹೇಳಲಾರೆ, ಗಡಿಯಾರ ಯಾರು ನೋಡಿದ್ದರು? ಕಾಕಾ ಮಾತ್ರ ರೇಣವ್ವನಿಗೆ ಬೇರೆ ಎರಡು ಡ್ರಮ್ಮು ಕೊಡಿಸಿ ಏಟು ಬಿದ್ದ ಆ ಡ್ರಮ್ಮನ್ನು ವಾಪಸ್ ತರಿಸಿದರು. ಊರಿಗೆ ಹೊರಟ ವರ್ಷ ಅದನ್ನು ನನಗೆ ಒಪ್ಪಿಸಿ ಹೋದರು.

ಈಗ ಬಡಿಯುವ ಹಕ್ಕು ನನ್ನದು. ಡ್ರಮ್ಮು ತುಕ್ಕು ಹಿಡಿದಿದೆ, ನಡುವೆ ಸುತ್ತಿಗೆಯ ಒಂದು ತಗ್ಗು ಹಾಗೆಯೇ ಇದೆ. ನಾನು ಅದರ ಪಕ್ಕದಲ್ಲಿ ಬಡಿಯುತ್ತೇನೆ, ಅದರ ಮೇಲೆ ಬಡಿಯುವುದಿಲ್ಲ. ಹೊಸ ಹುಡುಗಿಯರು ಕಲಿಯಲು ಬಂದಾಗ ಕಾಕಾನ ಮಾತನ್ನೇ ಹೇಳುತ್ತೇನೆ: ಒಂದು ಏಟು ಕೇಳಿದರೆ ನಿಂತುಬಿಡಿ, ಯಾರು ಹೊಡೆದರು ಎಂದು ಆಮೇಲೆ ಕೇಳಿರಿ.

ನಾವು ಅವತ್ತು ನಿಂತೆವು, ಆಮೇಲೆ ಕೇಳಲು ಎಲ್ಲರೂ ಉಳಿದೆವು. ನಾನು ಇನ್ನೂ ಕೇಳುತ್ತಲೇ ಇದ್ದೇನೆ.