ಬೂದಿ ಕೊಡದ ಸೋಲಾರ್

ಬಿಜೂರಿನಲ್ಲಿ ಮೀನು ಮಾರುವ ಅಕ್ಕನೊಬ್ಬರ ಹೊಸ ಮನೆಗೆ ಸೋಲಾರ್ ವಾಟರ್ ಹೀಟರ್ ಕೂರಿಸಿ ಬಂದಿದ್ದೆ. ವಾರ ಕಳೆಯುವುದರೊಳಗೆ ಅವರದೇ ಫೋನು.

“ಹ್ವಾಯ್, ನಿಮ್ ಸೋಲಾರ್ ನಂಗ್ ಬ್ಯಾಡ, ತಕಂಡ್ ಹೋಯ್ನಿ.”

ಓಡಿದೆ. ನಲ್ಲಿ ತಿರುಗಿಸಿದರೆ ನೀರು ಕೈ ಸುಡುತ್ತಿತ್ತು. “ಇನ್ನೆಂತ ಬೇಕ್ ಅಕ್ಕಾ?” ಎಂದೆ.

“ನೀರ್ ಬಿಸಿ ಆತ್ತ್ ಮಾರಾಯ್ರೆ, ಬೂದಿ ಎಲ್ಲಿತ್ತ್? ಬೂದಿ ಇಲ್ದೆ ಕೊಯ್ಯುಕ್ ಹೋರೆ ಮೀನ್ ಜಾರ್ದೆ ಕೈಯಂಗ್ ನಿಲ್ತಾ?”

ಸರಿಯೇ. ಸೋಲಾರ್ ಬಂದು ಬಚ್ಚಲ ಒಲೆ ಆರಿದ ಮೇಲೆ ಬೂದಿ ಎಲ್ಲಿಂದ ಬರಬೇಕು? ಪಕ್ಕದ ಮನೆಯಿಂದ ಡಬ್ಬ ತುಂಬ ಬೂದಿ ತಂದುಕೊಟ್ಟು ಸೋಲಾರ್ ಉಳಿಸಿಕೊಂಡೆ.

ಅಂದಿನಿಂದ ಹೀಟರ್ ಮಾರುವ ಮುಂಚೆ “ಮನೆಯಲ್ಲಿ ಮೀನು ಕೊಯ್ಯುತ್ತೀರಾ?” ಎಂದು ಕೇಳುವುದು ರೂಢಿಯಾಗಿದೆ. ಕೋಟದಲ್ಲಿ ದೇವಸ್ಥಾನದ ಭಟ್ಟರ ಜಗಲಿಯಲ್ಲಿ ಕೂತಾಗಲೂ ಅದೇ ಬಾಯಿಗೆ ಬಂತು. ಒಳಗಿಂದ ಬರುತ್ತಿದ್ದ ಕಾಫಿ ಬಾಗಿಲಿನಿಂದಲೇ ಹಿಂದೆ ಹೋಯಿತು.