ಕಾಡೆಂದು ಬರೆದ ಗುಡ್ಡ

ಫಿನ್‌ಲೆಂಡಿಗೆ ಬಂದ ಎರಡನೇ ವಾರ, ನನ್ನ ಬಾಡಿಗೆ ಕೋಣೆಯ ಕಿಟಕಿಯಾಚೆ ಇದ್ದ ಕಾಡು ಸಂಜೆಯೊಳಗೆ ಇಲ್ಲವಾಯಿತು. ಒಂದು ಯಂತ್ರ, ಒಬ್ಬ ಆಳು, ಅಷ್ಟೇ. ಗಾಬರಿಯಿಂದ ಮನೆಯೊಡತಿ ಐನೋ ಅಜ್ಜಿಗೆ ಹೇಳಿದರೆ ಆಕೆ ಕಾಫಿ ಬಗ್ಗಿಸುತ್ತಾ, "ಮೆಟ್ಸಾ ಎಲ್ಲಿಗೂ ಹೋಗಿಲ್ಲ, ಕುಳಿತುಕೋ" ಎಂದಳು. ಮೆಟ್ಸಾ ಎಂದರೆ ಅವರಲ್ಲಿ ಕಾಡು. ಬೋಳು ನೆಲ ತೋರಿಸಿ ಕಾಡು ಎನ್ನುವ ಮುದುಕಿಗೆ ಅರಳುಮರಳು ಎಂದುಕೊಂಡೆ.

ಕಚೇರಿಯಲ್ಲಿ ನನಗೇ ಅರಳುಮರಳು ಎಂದಾಯಿತು. ಯಾವ ದೇಶ ಕಾಡು ಕಡಿದು, ನೆಲ ಅಗೆದು ಎಷ್ಟು ಇಂಗಾಲವನ್ನು ಗಾಳಿಗೆ ಬಿಟ್ಟಿತು, ಮರ ಬೆಳೆಸಿ ಎಷ್ಟನ್ನು ಹಿಡಿದಿಟ್ಟಿತು ಎಂದು ಅಕ್ಕಪಕ್ಕ ಇಟ್ಟು ಹೋಲಿಸುವುದು ನಮ್ಮ ಕೆಲಸ. ನಾನು ನಕ್ಷೆಯಲ್ಲಿ ಮರ ಕಡಿದ ಜಾಗಗಳನ್ನೆಲ್ಲ 'ನಾಶವಾದ ಕಾಡು' ಎಂದು ಗುರುತಿಸಿಟ್ಟೆ. ಪಕ್ಕದ ಮೇಜಿನ ಮಾರ್ಕು ನಕ್ಕುಬಿಟ್ಟ. ಮತ್ತೆ ಮರ ಬೆಳೆಯುವ ನೆಲ ಬೋಳಾಗಿದ್ದರೂ ಕಾಡೇ ಅಂತೆ. ಗಣಿಗಳ ಊರಾದ ಸಂಡೂರಿನವಳು ನಾನು; ನನಗೆ ಬೋಳು ಗುಡ್ಡ ಎಂದರೆ ಮುಗಿದುಹೋದ ಗುಡ್ಡ. ಬೇರೆ ಅರ್ಥ ನಾನು ಕಂಡಿರಲಿಲ್ಲ. ವಸಂತದಲ್ಲಿ ಅಜ್ಜಿಯ ಜೊತೆ ಅದೇ ಬೋಳಿನಲ್ಲಿ ಸಸಿ ನೆಟ್ಟ ಮೇಲೆಯೇ ಅವರ ಮಾತು ಒಪ್ಪಿದೆ.

ಇಲ್ಲಿ ಯಾರ ಕಾಡಿನಲ್ಲಿ ಯಾರು ಬೇಕಾದರೂ ಹಣ್ಣು ಆರಿಸಬಹುದು. ಮುಸ್ತಿಕ್ಕಾ ಎಂಬ ಪುಟ್ಟ ಕಪ್ಪುನೀಲಿ ಹಣ್ಣು ತಿಂದು ನಾಲಿಗೆಯೆಲ್ಲ ನೀಲಿಯಾಯಿತು. ರುಚಿ ಚೆನ್ನಾಗಿಯೇ ಇತ್ತು; ಆದರೂ ನಮ್ಮ ಗುಡ್ಡದ ಸೀತಾಫಲ ನೆನಪಾಗಿ ಅಲ್ಲೇ ಕುಳಿತು ಅತ್ತೆ. ಅವ್ವನ ತಮ್ಮ ತಿಪ್ಪಣ್ಣ ಮಾಮ ಆ ಹಣ್ಣನ್ನು ಬುಟ್ಟಿಯಲ್ಲಿ ತುಂಬಿ ಸೈಕಲ್ ಮೇಲೆ ಹೊಸಪೇಟೆಗೆ ಒಯ್ದು ಮಾರುತ್ತಿದ್ದ. ಈಗ ಆ ಗುಡ್ಡವೇ ಅದಿರಾಗಿ ಲಾರಿ ಹತ್ತಿ ಹೋಗುತ್ತಿದೆ.

ಒಂದು ದಿನ ಇಂಡಿಯಾದ ಕಡತ ಬಂತು. ಆಸೆಯಿಂದ ಕೈ ಚಾಚಿದೆ. ಮೇಲಧಿಕಾರಿ ಅದನ್ನು ಮಾರ್ಕುವಿನ ಮೇಜಿಗೆ ಸರಿಸಿದರು. ತನ್ನ ದೇಶದ ಲೆಕ್ಕವನ್ನು ತಾನೇ ಪರಿಶೀಲಿಸಬಾರದು ಎಂಬುದು ಇಲ್ಲಿಯ ಪದ್ಧತಿ. ನ್ಯಾಯವೇ. ಆದರೆ ಮಾರ್ಕು ಆ ಕಡತದಿಂದ ತೆಗೆದು ಹರಡಿದ ನಕ್ಷೆಯಲ್ಲಿ ನಮ್ಮ ಗುಡ್ಡಕ್ಕೆ ಹಸಿರು ಬಳಿದು ಕಾಡು ಎಂದು ಬರೆದಿತ್ತು. ತಡೆಯಲಾಗಲಿಲ್ಲ. "ಅದು ಮತ್ತೆ ಮರ ಬೆಳೆಯುವ ನೆಲವಲ್ಲ. ನಾನು ಅಲ್ಲಿಯವಳು" ಎಂದೆ.

"ಅದಕ್ಕೇ ನಿನ್ನ ಮಾತು ನಾನು ಕೇಳುವಂತಿಲ್ಲ" ಎಂದು ಸಂಕೋಚದಿಂದ ಹೇಳಿ ಹಾಳೆ ತಿರುವಿದ. ಒಳ್ಳೆಯ ಮನುಷ್ಯ, ಬೈಯಲೂ ಆಗಲಿಲ್ಲ.

ಭಾನುವಾರ ಮಾಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ಕಾಡಂತ ಬರದಾರಾ? ಗಿಡ ಹೋಗ್ಲಿ, ಅಲ್ಲಿ ಮಣ್ಣರ ಎಲ್ಲೈತಿ?" ಎಂದು ಸಿಟ್ಟಾದ. "ನೀ ಜೋರ್ ಮಾಡಿ ಹೇಳ್ಬೇಕಿತ್ತು."

"ಹೇಳಿದ್ನೋ ಮಾಮ. ಇಂಡಿಯಾದಾಕಿ ಅಂತ ನನ್ ಮಾತು ತಗೊಳ್ಳಂಗಿಲ್ಲ."

"ಭಾಳ ಚಲೋ ಆತು! ಇಲ್ಲಿ ಮಂದಿ ಮುಂದ ನಮ್ ಹುಡುಗಿ ಹಿಂಗಂದ್ಲು ಅಂದ್ರ, ಅಕಿ ಫಾರಿನ್ನಾಕಿ, ಅಕಿಗೇನ್ ಗೊತ್ತು ಅಂತಾರ. ಹಂಗಾದ್ರ ನೀ ಎಲ್ಲ್ಯಾಕಿ?"

ಸಂಡೂರು ಎನ್ನಲು ಧೈರ್ಯ ಸಾಲಲಿಲ್ಲ, ಇಲ್ಲಿಯವಳು ಎನ್ನಲು ಮನಸ್ಸು ಬರಲಿಲ್ಲ.

"ನಮ್ಮ ಗುಡ್ಡದಾಕಿ" ಎಂದೆ.



"ಗುಡ್ಡ ಇಲ್ಲಲ್ಲವ್ವಾ" ಎಂದ ಮಾಮ.